ಬೆಕ್ಕಿನ ಸೋದರಮಾವ

ಕೂತುಕೊಳ್ಳುವುದು ಒಂದು ವಿದ್ಯೆ. ಅದು ನನಗೆ ಬರುವುದಿಲ್ಲ ಎಂಬುದನ್ನು ಐವತ್ತು ದಾಟಿದ ಮೇಲೆ ಒಂದು ಬೆಕ್ಕು ತೋರಿಸಿಕೊಟ್ಟಿತು. ಕೆಲವರಿಗೆ ತಂಬಾಕು ಬಿಡಲಾಗುವುದಿಲ್ಲ, ಕೆಲವರಿಗೆ ಇಸ್ಪೀಟು ಬಿಡಲಾಗುವುದಿಲ್ಲ. ನನಗೆ ನಿಂತುಕೊಳ್ಳುವ ಚಟ. ಕುರ್ಚಿ ಕಂಡರೆ ಅದರ ಬೆನ್ನ ಮೇಲೆ ಕೈಯಿಟ್ಟು ನಿಲ್ಲುತ್ತೇನೆ. ಯಾರಾದರೂ "ಕೂಡ್ರಿ" ಅಂದರೆ "ಇರಲಿ ಇರಲಿ, ಹೊಂಟೆ" ಅನ್ನುತ್ತೇನೆ. ನನ್ನ ಮದುವೆಯಲ್ಲಿ ಅಕ್ಷತೆ ಬಿದ್ದ ಮೇಲೆ ಇನ್ನೂ ಏನೋ ಶಾಸ್ತ್ರ ನಡೆದಿತ್ತು. ಊಟದ ಪಂಕ್ತಿಯಲ್ಲಿ ನೀರು ಕೊಡುವವರು ಸಾಲುತ್ತಿಲ್ಲ ಎಂದು ಯಾರೋ ಕೂಗಿದ್ದು ಕೇಳಿತು. ಬಾಸಿಂಗ ಕಟ್ಟಿಕೊಂಡೇ ಎದ್ದು ಹೋಗಿ ತಂಬಿಗೆ ಹಿಡಿದೆ. ಹೆಂಡತಿ ಕಸ್ತೂರಿ ಮಣೆಯ ಮೇಲೆ ಒಬ್ಬಳೇ ಉಳಿದಳು. ಆಗ ತೆಗೆದ ಫೋಟೊ ಇನ್ನೂ ನಮ್ಮ ಗೋಡೆಯ ಮೇಲಿದೆ. ಮನೆಗೆ ಬಂದವರಿಗೆಲ್ಲ ಆಕೆ ಅದನ್ನು ತೋರಿಸಿ, "ಇದು ನಮ್ಮ ಲಗ್ನದ ಫೋಟೋರಿ. ನಮ್ಮನಿಯವರು ನೀರು ಕೊಡಾಕ ಹೋಗ್ಯಾರ" ಅನ್ನುತ್ತಾಳೆ.

ಇದಕ್ಕೆಲ್ಲ ಗಿರಣಿಯೇ ಕಾರಣ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಹುಬ್ಬಳ್ಳಿಯ ಕಮರಿಪೇಟೆಯ ಒಂದು ಸಂದಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಕೆಳಗೆ ಗಿರಣಿ, ಮೇಲೆ ಮನೆ. ಗಿರಣಿಯವನು ಕೂತರೆ ಕೆಲಸ ಕೆಡುತ್ತದೆ. ಬೀಳುವ ಹಿಟ್ಟನ್ನು ಆಗಾಗ ಬೆರಳಲ್ಲಿ ತಿಕ್ಕಿ ನೋಡುತ್ತಿರಬೇಕು. ಕಲ್ಲು ಕಾಯ್ದು ಜೋಳದ ಹಿಟ್ಟು ಬಿಸಿಯಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ, ಆಮೇಲೆ ಆ ಮನೆಯ ಅತ್ತೆ-ಸೊಸೆಯರ ಜಗಳಕ್ಕೆ ನಾನು ಹೊಣೆ. ಆದರೆ ಖರೆ ಹೇಳಬೇಕೆಂದರೆ ಗಿರಣಿಗಿಂತ ಮೊದಲೂ ನಾನು ಹೀಗೇ ಇದ್ದೆ. ಸಾಲಿಯನ್ನು ಏಳನೆಯ ಇಯತ್ತೆಗೆ ಬಿಟ್ಟದ್ದು ಬಡತನದಿಂದಲ್ಲ. ಕೂತುಕೊಂಡು ಕಲಿಯಬೇಕಾಗಿತ್ತು, ಅದಕ್ಕೆ.

ನನ್ನ ಅಕ್ಕ ಗಂಗವ್ವ ನನಗಿಂತ ಹತ್ತು ವರ್ಷ ದೊಡ್ಡವಳು. ಆಕೆ ಧಾರವಾಡದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದಳು. ಊರಿನ ಮಕ್ಕಳಿಗೆಲ್ಲ ಅಕ್ಷರ ಕಲಿಸಿದಳು, ನನ್ನೊಬ್ಬನ ಮುಂದೆ ಸೋತಳು. ಸಂಜೆ ನನ್ನನ್ನು ಎದುರಿಗೆ ಕೂಡಿಸಿಕೊಂಡು ಮಗ್ಗಿ ಹೇಳಿಕೊಡುತ್ತಿದ್ದಳು. ಆಕೆಯದೇ ಒಂದು ಧಾಟಿ ಇತ್ತು. ಬೀಸುವಾಗ ಹೆಂಗಸರು ಹಾಡುವ ಹಾಗೆ ಮೊದಲ ಅರ್ಧ ಎಳೆದು, ಉಳಿದರ್ಧವನ್ನು ಪಟ್ಟನೆ ಇಳಿಸುವುದು. ಕಟ್ಟಿಗೆಯ ಪಟ್ಟಿ ಕೈಯಲ್ಲಿ ಇರುತ್ತಿತ್ತೇ ಹೊರತು ಹೊಡೆದವಳಲ್ಲ. ಹದಿಮೂರರ ಮಗ್ಗಿಯವರೆಗೆ ಹೇಗೋ ಬಂದೆ. ಒಂದು ಸಂಜೆ ಓಣಿಯಲ್ಲಿ ಗೋಲಿಯ ಸಪ್ಪಳ ಕೇಳಿತು, ಎದ್ದೆ. ಆ ಎದ್ದವನು ಅಕ್ಕನ ಮುಂದೆ ಮತ್ತೆ ಕೂಡಲಿಲ್ಲ.

ಅಕ್ಕ ಲಗ್ನ ಮಾಡಿಕೊಳ್ಳಲಿಲ್ಲ. ನಿವೃತ್ತಿಯ ನಂತರ ಸಪ್ತಾಪುರದಲ್ಲಿ ಎರಡು ಖೋಲಿಯ ಮನೆ ಮಾಡಿಕೊಂಡು, ಸಂಜೆ ಓಣಿಯ ಸಣ್ಣ ಮಕ್ಕಳನ್ನು ಕೂಡಿಸಿ ಅದೇ ಧಾಟಿಯಲ್ಲಿ ಮಗ್ಗಿ ಹೇಳಿಸುತ್ತಾಳೆ. ಆಕೆಯ ಬೆಕ್ಕು ಗೌರಿಯೂ ಆ ಮಕ್ಕಳ ಸಾಲಿನ ತುದಿಗೆ ಬಾಲ ಸುತ್ತಿಕೊಂಡು ಕೂಡುತ್ತದೆ. ಬೂದಿ ಬಣ್ಣ, ಹೊಟ್ಟೆ ಮಾತ್ರ ಬಿಳಿ. "ನಿನಗಿಂತ ಗೌರಿ ಛಲೋ ನೋಡು. ಕುಂತು ಕೇಳತಾಳ" ಎಂದು ಅಕ್ಕ ನನಗೆ ಅನ್ನುತ್ತಿದ್ದಳು. ತಿಂಗಳಿಗೊಮ್ಮೆ ನಾನು ಹಿಟ್ಟಿನ ಚೀಲ ತೆಗೆದುಕೊಂಡು ಸ್ಕೂಟರ್ ಮೇಲೆ ಹೋಗುತ್ತಿದ್ದೆ. ಬಾಗಿಲಲ್ಲಿ ಚೀಲ ಇಳಿಸಿ, ನಿಂತೇ ಚಹಾ ಕುಡಿದು, ಕಪ್ಪು-ಬಶಿ ಕಿಟಕಿಯಲ್ಲಿಟ್ಟು ಹೊರಡುತ್ತಿದ್ದೆ.

"ಅಕ್ಕನ ಮನಿಗೆ ಬಂದೀಯೋ, ಪಾರ್ಸಲ್ ಕೊಡಾಕ ಬಂದೀಯೋ?" ಎಂದು ಆಕೆ ಕೇಳುತ್ತಿದ್ದಳು.

"ಗಿರಣಿ ಬಿಟ್ಟು ಬಂದೇನವಾ" ಅನ್ನುತ್ತಿದ್ದೆ. ಗಿರಣಿಗೆ ಅವತ್ತು ಸೂಟಿ ಎಂಬುದು ಇಬ್ಬರಿಗೂ ಗೊತ್ತಿರುತ್ತಿತ್ತು.

ಹೋದ ವರ್ಷ ಮಹಾನವಮಿಯ ಮುಂಚೆ ಅಕ್ಕನ ಮೊಣಕಾಲಿನ ಆಪರೇಷನ್ ಆಯಿತು. ಆಮೇಲೆ ಕೆಲವು ವಾರ ಯಾರಾದರೂ ನೋಡಿಕೊಳ್ಳಬೇಕು. ತಮ್ಮ ಎಂಬುವನು ನಾನೊಬ್ಬನೇ. ಆದರೆ ನಮ್ಮ ಮನೆಯ ಮೆಟ್ಟಿಲು ಏಣಿಯಂತೆ ಕಡಿದು, ಕೆಳಗೆ ಹಿಟ್ಟಿನ ಧೂಳು, ಮೋಟರಿನ ಗದ್ದಲ. ಇದನ್ನೆಲ್ಲ ನಾನು ಆಸ್ಪತ್ರೆಯಲ್ಲಿ ಮಂಚದ ಕಂಬಿ ಹಿಡಿದು ನಿಂತುಕೊಂಡೇ ಹೇಳಿದೆ. ಅಕ್ಕನ ಜೋಡಿ ನೌಕರಿ ಮಾಡಿದ ಸುಶೀಲಾಬಾಯಿ ಅಲ್ಲೇ ಇದ್ದರು, "ನಮ್ಮ ಮನ್ಯಾಗ ಮೆಟ್ಟಲಾ ಇಲ್ರಿ, ನಾ ಕರಕೊಂಡು ಹೋಗತೇನಿ" ಎಂದರು. ಮೆಟ್ಟಿಲು ಕಡಿದಾಗಿರುವುದು ಖರೆ. ಆ ಮೆಟ್ಟಿಲು ಇದ್ದದ್ದು ನನಗೆ ಸಮಾಧಾನ ತಂದದ್ದೂ ಅಷ್ಟೇ ಖರೆ. ಅಕ್ಕ ನಮ್ಮ ಮನೆಗೆ ಬಂದರೆ ಮಂಚದ ಬಾಜೂಕ ಯಾರಾದರೂ ಕೂಡಬೇಕಾಗುತ್ತಿತ್ತು.

ಸುಶೀಲಾಬಾಯಿಯವರಿಗೆ ಬೆಕ್ಕಿನ ಕೂದಲು ಕಂಡರೆ ಸೀನು. ಹೀಗಾಗಿ ಗೌರಿ ಉಳಿಯಿತು. ಅಕ್ಕನನ್ನು ಬಿಟ್ಟುಕೊಟ್ಟವನಿಗೆ ಎದೆಯಲ್ಲಿ ಏನೋ ಚುಚ್ಚುತ್ತಿತ್ತಲ್ಲ, ಅದಕ್ಕೆ ಮುಲಾಮು ಸಿಕ್ಕಂತಾಯಿತು. "ಬೆಕ್ಕಿನ ಚಿಂತಿ ಬಿಡು ಅಕ್ಕಾ. ನಾ ಅದೇನಿ" ಎಂದೆ. ಅಕ್ಕ ನಕ್ಕಳು. "ನೀ ಅದಕ್ಕ ಸ್ವಾದರಮಾವ ಇದ್ದಂಗ. ಕೇಳಿಲ್ಲಿ, ಅದು ಒಬ್ಬಾಕಿನ ಉಣ್ಣೂದಿಲ್ಲ. ಬಾಜೂಕ ಕುಂತು ಒಂದೀಟು ಮಾತಾಡಬೇಕು. ಅದರ ಕೌದಿ ಒಯ್ಯಿ, ಮರೀಬ್ಯಾಡ." ನಾನು ಆಗಲೇ ಬಾಗಿಲ ಹತ್ತಿರ ಇದ್ದೆ. ಬೆಕ್ಕಿನ ಜೋಡಿ ಮಾತಾಡುವುದು! ನಗು ಬಂತು. ಕೌದಿ ಮಾತ್ರ ಒಯ್ದೆ. ಅಕ್ಕ ತನ್ನ ಹಳೆಯ ಸೀರೆಗಳನ್ನು ಹರಿದು ತಾನೇ ಹೊಲಿದ ಸಣ್ಣ ಕೌದಿ, ರಾತ್ರಿ ಅರ್ಧ ಆಕೆಯ ಕಾಲ ಮೇಲೆ, ಅರ್ಧ ಗೌರಿಯ ಕೆಳಗೆ.

ಸೋದರಮಾವನ ಉಪಚಾರದಲ್ಲಿ ಕೊರತೆ ಇರಲಿಲ್ಲ. ಹಾಲಲ್ಲಿ ನೆನೆಸಿದ ರೊಟ್ಟಿ, ಮೊಸರನ್ನ, ಅಂಗಡಿಯಲ್ಲಿ ಬೆಕ್ಕಿಗೆಂದೇ ಮಾರುವ ಪ್ಯಾಕೆಟಿನ ಕಾಳು, ಎಲ್ಲವನ್ನೂ ಬಟ್ಟಲಲ್ಲಿ ಇಟ್ಟು ಕೆಳಗಿಳಿದು ಬಿಡುತ್ತಿದ್ದೆ. ಅಕ್ಕನಿಗೂ ಆಗಾಗ ಸುಶೀಲಾಬಾಯಿಯವರ ಮನೆ ಬಾಗಿಲಿಗೆ ಊಟದ ಡಬ್ಬಿ ಮುಟ್ಟಿಸಿ ಬರುತ್ತಿದ್ದೆ. ಗೌರಿ ಕಬ್ಬಿಣದ ಟ್ರಂಕಿನ ಹಿಂದೆ ಸೇರಿಕೊಂಡಿತ್ತು. ಒಂದೆರಡು ಸಲ ಬಗ್ಗಿ ಕೈ ಚಾಚಿದೆ. ಆಗ ಹಬ್ಬಕ್ಕೆಂದು ಎಲ್ಲರೂ ಮೆಣಸಿನಕಾಯಿ ಕುಟ್ಟಿಸುತ್ತಿದ್ದರು. ನನ್ನ ಕೈ, ಅಂಗಿ, ಮೀಸೆ, ಎಲ್ಲದರಲ್ಲೂ ಬ್ಯಾಡಗಿ ಖಾರ. ಬೆಕ್ಕು ಒಂದರ ಹಿಂದೆ ಒಂದು ಸೀನಿ ಇನ್ನೂ ಒಳಗೆ ಸರಿಯಿತು. ನನ್ನ ಪ್ರೀತಿ ಯಾರನ್ನು ಮುಟ್ಟಿದರೂ ಹೀಗೇ, ಕಣ್ಣು ಮೂಗಲ್ಲಿ ನೀರು ಬರಿಸುತ್ತದೆ. ಆದರೂ ಸುತ್ತಲೂ ಯಾರೂ ಇಲ್ಲದಾಗ ಅದು ಹೊರಬಂದು ಕೌದಿಯ ಮೇಲೆ ಮುದುಡಿ ಮಲಗುತ್ತಿತ್ತು, ನಾಲ್ಕು ತುತ್ತು ತಿನ್ನುತ್ತಿತ್ತು. ಹಾಗೇ ಬಿಟ್ಟಿದ್ದರೆ ದಿನ ಕಳೆಯುತ್ತಿದ್ದವು.

ಮಹಾನವಮಿ ಬಂತು. ನಮ್ಮ ಕಡೆ ಘಟ್ಟ ಹಾಕಿ ದೇವಿಯನ್ನು ಕೂಡಿಸುವ ಮುಂಚೆ ಮನೆಯಲ್ಲಿರುವ ಹಾಸಿಗೆ, ಹೊದಿಕೆ, ಚಾದರ ಎಲ್ಲ ಒಗೆದು ಒಣಗಿಸಬೇಕು. ಒಂದು ತಲೆದಿಂಬಿನ ಚೀಲ ಉಳಿದರೂ ದೇವಿ ಬಾಗಿಲಲ್ಲೇ ನಿಲ್ಲುತ್ತಾಳೆ ಎಂಬಂತೆ ಓಣಿಯ ಹೆಂಗಸರು ಒಬ್ಬರ ಮಾಳಿಗೆ ಒಬ್ಬರು ನೋಡುತ್ತಿರುತ್ತಾರೆ. ನನಗೆ ಇದು ವರ್ಷದ ಪ್ರೀತಿಯ ದಿನ. ಇಡೀ ದಿನ ನಿಂತೇ ಮಾಡುವ ಕೆಲಸ ಅಲ್ಲವೇ! ಲುಂಗಿ ಎತ್ತಿ ಕಟ್ಟಿ ದೊಡ್ಡ ಟಬ್ಬಿನಲ್ಲಿ ಸೋಡಾ, ಸಬಕಾರದ ಪುಡಿ ಕಲಸಿ ತುಳಿಯಲು ನಿಂತೆ. ಎಲ್ಲ ಮುಗಿದ ಮೇಲೂ ಹುರುಪು ಇಳಿದಿರಲಿಲ್ಲ. ಒಳಗೆ ಹೋಗಿ ಗೌರಿಯ ಕೆಳಗಿನಿಂದ ಕೌದಿ ಎಳೆದು ತಂದೆ.

"ಅದನ್ನ ಬಿಡ್ರಿ, ಅಕ್ಕಾರದು" ಎಂದಳು ಕಸ್ತೂರಿ.

"ಬೆಕ್ಕು ಮಲಗಿದ್ದನ್ನ ಮನ್ಯಾಗ ಇಟಗೊಂಡು ಹಬ್ಬ ಮಾಡತಿ?" ಎಂದು ಅದನ್ನು ಮೂರು ನೀರಲ್ಲಿ ಜಾಲಿಸಿದೆ.

ಸಂಜೆ ಬಿಸಿಲಲ್ಲಿ ಒಣಗಿದ ಕೌದಿಯನ್ನು ಹೊಸದರಂತೆ ಮಡಚಿ ಗೌರಿಯ ಮುಂದಿಟ್ಟೆ. ಅದು ಬಂದು ಮೂಸಿತು. ಒಂದು ಮೂಲೆ, ಇನ್ನೊಂದು ಮೂಲೆ, ನಡುವೆ, ಮತ್ತೆ ಮೊದಲಿನ ಮೂಲೆ. ಕಳೆದ ಸಾಮಾನು ಹುಡುಕುವವರ ಹಾಗೆ. ಆಮೇಲೆ ನನ್ನ ಮುಖ ನೋಡಿ ಟ್ರಂಕಿನ ಹಿಂದೆ ಹೋಯಿತು. ಅವತ್ತಿನಿಂದ ಊಟ ಬಿಟ್ಟಿತು. ಹಬ್ಬದ ಮನೆಯಲ್ಲಿ ಹೋಳಿಗೆಯ ವಾಸನೆ ತುಂಬಿದ್ದಾಗ ಅದು ಕತ್ತಲಲ್ಲಿ ಕೂತು ತನ್ನ ಬಿಳಿ ಹೊಟ್ಟೆಯನ್ನು ನೆಕ್ಕುತ್ತಿತ್ತು. ನೆಕ್ಕಿ ನೆಕ್ಕಿ ಅಲ್ಲಿ ಕೂದಲು ಹೋಗಿ ಕೆಂಪು ಚರ್ಮ ಕಾಣಿಸಿತು.

ಇದರ ನಡುವೆ ಅಕ್ಕನ ಫೋನು. "ಗೌರಿ ಹೆಂಗದಾಳೋ?"

"ಮಸ್ತ್ ಅದಾಳ. ಈಗ ನನ್ನ ತೊಡಿ ಮ್ಯಾಲೆನ ಕುಂತಾಳ" ಎಂದೆ. ನಾನು ಗಿರಣಿಯಲ್ಲಿ ನಿಂತಿದ್ದೆ.

"ಹೌದಾ? ಫೋನ್ ಅದರ ಹತ್ರ ಹಿಡಿ, ಗುರ್ ಅನ್ನೂದು ಕೇಳತೇನಿ."

ಮನುಷ್ಯ ಒಂದು ಸುಳ್ಳಿನ ಮೇಲೆ ನಿಂತರೆ ಇಳಿಯಲು ಮೆಟ್ಟಿಲು ಸಿಗುವುದಿಲ್ಲ. ಫೋನನ್ನು ಓಡುತ್ತಿದ್ದ ಮೋಟರಿನ ಕಡೆ ಹಿಡಿದೆ.

ಅಕ್ಕ ಕೇಳಿಸಿಕೊಂಡು, "ಭಾಳ ಜೋರ್ ಐತಲ್ಲೋ" ಎಂದಳು.

"ಹಬ್ಬದ ಊಟ ಉಂಡಾಳವಾ."

ಫೋನಿಟ್ಟ ಮೇಲೆ ಪಾಳಿಯಲ್ಲಿ ನಿಂತ ಹೆಂಗಸೊಬ್ಬಳು ತನ್ನ ಗೋಧಿ ಡಬ್ಬಿಯನ್ನು ನನ್ನಿಂದ ಒಂದಿಷ್ಟು ದೂರ ಸರಿಸಿಕೊಂಡಳು.

ಮರುದಿನವೂ ಗೌರಿ ಬಾಯಿ ಮುಟ್ಟಿಸದಿದ್ದಾಗ ಬುಟ್ಟಿಯಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಓಡಿದೆ. ಎಮ್ಮೆ, ಆಡುಗಳ ನಡುವೆ ನನ್ನದೊಂದು ಬುಟ್ಟಿ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆಕ್ಕಿನ ಬಾಯಿ, ಹೊಟ್ಟೆ, ಕಣ್ಣು ನೋಡಿ ಮನೆಯ ವಿಚಾರ ಕೇಳಿದರು. ಕೌದಿ ಒಗೆದ ಸುದ್ದಿ ಬಂದಾಗ ತಲೆ ಎತ್ತಿ ನನ್ನನ್ನು ನೋಡಿದರು.

"ಕಾಕಾ, ಇದಕ್ಕ ದೊಡ್ಡ ರೋಗ ಏನಿಲ್ಲ. ತನ್ನ ಮನಿ ಬಿಡ್ತು, ತನ್ನಾಕಿನ್ನ ಬಿಡ್ತು. ಆಕಿ ವಾಸನಿ ಒಂದು ಉಳಿದಿತ್ತು, ಅದನ್ನ ನೀವು ಒಗದೀರಿ. ಬೆಕ್ಕು ಹಿಂಗ ದಿನಗಟ್ಟಲೆ ಉಪಾಸ ಬಿದ್ದರ ಲಿವರ್ ಕೆಡತೈತಿ. ಆಮ್ಯಾಲೆ ಉಳಿಸೂದು ಕಷ್ಟ." ಒಂದು ಸೂಜಿ ಹಾಕಿ, ಹಸಿವೆಗೆ ಔಷಧ ಕೊಟ್ಟರು. "ಇದರಿಂದ ಅರ್ಧ ಕೆಲಸ. ಉಳಿದರ್ಧ ನೀವು ಮಾಡಬೇಕು. ಗದ್ದಲ ಇಲ್ಲದ ಖೋಲಿ ಕೊಡ್ರಿ. ದಿನಾ ಒಂದೇ ಹೊತ್ತಿಗೆ ಅರ್ಧ ತಾಸು ಬಾಜೂಕ ಕೂಡ್ರಿ. ಹಿಡೀಬ್ಯಾಡ್ರಿ, ದಿಟ್ಟಿಸಿ ನೋಡಬ್ಯಾಡ್ರಿ. ಅದು ನೋಡಿದರ ಸಾವಕಾಶ ಕಣ್ಣು ಮುಚ್ಚಿ ತಗೀರಿ. ಇಲ್ಲೆ ಒಬ್ಬರು ನನ್ನವರದಾರ ಅಂತ ಖಾತ್ರಿ ಆದರ ಬೆಕ್ಕು ಉಣ್ಣತೈತಿ, ನಿದ್ದಿ ಮಾಡತೈತಿ, ಹೊಟ್ಟಿ ನೆಕ್ಕೂದೂ ಬಿಡತೈತಿ."

"ಏನ್ ಮಾಡಕೋತ ಕೂಡ್ಲಿರಿ?"

"ಏನೂ ಮಾಡಬ್ಯಾಡ್ರಿ."

"ಸೂಜಿನ ಇನ್ನೆರಡು ಹಾಕಿದರ ಆಗೂದಿಲ್ಲೇನ್ರಿ?"

ಆಗುವುದಿಲ್ಲ ಎಂದರು.

ಗಿರಣಿಯ ಹಿಂದೆ ಖಾಲಿ ಚೀಲ, ಹಳೆಯ ಕಲ್ಲು, ಹರಿದ ಬೆಲ್ಟು ತುಂಬಿದ ಖೋಲಿಯೊಂದಿತ್ತು. ನಡುವೆ ದಪ್ಪ ಗೋಡೆ, ಸಪ್ಪಳ ಅಷ್ಟು ಬರುವುದಿಲ್ಲ. ಅವತ್ತೇ ಖಾಲಿ ಮಾಡಿದೆ. ಧೂಳು ಹೊಡೆದು, ನೆಲ ತೊಳೆದು, ಕಿಟಕಿ ತೆರೆದೆ. ಬೆಕ್ಕಿನ ಬುಟ್ಟಿಯನ್ನು ನಡುವೆ ಇಟ್ಟು ತಿರುಗಿ ನೋಡಿದೆ. ಎಂಥ ಚಂದದ ಖೋಲಿ! ನೆಲಮಟ್ಟದ್ದು, ಒಂದೂ ಮೆಟ್ಟಿಲಿಲ್ಲ. ಬಚ್ಚಲು ಪಕ್ಕದಲ್ಲೇ. ಒಂದು ಮಂಚ, ಒಂದು ಕುರ್ಚಿ ಹಾಯಾಗಿ ಹಿಡಿಯುತ್ತಿತ್ತು. ಅಕ್ಕನಿಗೆ ಇಲ್ಲ ಎಂದ ಜಾಗ ಬೆಕ್ಕಿಗೆ ಒಂದೇ ದಿನದಲ್ಲಿ ಹುಟ್ಟಿಕೊಂಡಿತ್ತು. ಕೂಡಬಾರದು ಎಂದಿದ್ದವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಕೂತೆನೇನೋ ನಿಜ, ಕೂತೇ ಇರುವುದು ಬೇರೆ. ಮಧ್ಯಾಹ್ನ ಗಿರಣಿ ಬಂದ್ ಮಾಡಿ, ಖಾರದ ವಾಸನೆ ಹೋಗುವಂತೆ ಮೈ ತೊಳೆದುಕೊಂಡು ಹೋಗಿ ಗೋಡೆಗೆ ಆನಿಸಿಕೊಂಡೆ. ಗೌರಿ ಬುಟ್ಟಿಯ ಹಿಂದೆ. ಮೊದಲು ಉಗುರು ನೋಡಿಕೊಂಡೆ. ನೆಲದ ಇರುವೆ ನೋಡಿದೆ. ಕಿಟಕಿಯ ಚಿಲಕ ಸಡಿಲವಾಗಿದೆ ಎಂದು ಏಳಲು ಹೋಗಿ, ಡಾಕ್ಟರ ಮುಖ ನೆನಪಾಗಿ ಕೂತೆ. ಅಷ್ಟರಲ್ಲಿ ಕಾಲು ಜೋಮು ಹಿಡಿಯಿತು. ಗೌರಿ ಒಮ್ಮೆ ಇಣುಕಿತು. ಹೇಳಿದಂತೆ ಸಾವಕಾಶ ಕಣ್ಣು ಮುಚ್ಚಿ ತೆಗೆದೆ, ಮತ್ತೆ ಮುಚ್ಚಿ ತೆಗೆದೆ. ಬಾಗಿಲಲ್ಲಿ ಕಸ್ತೂರಿ ನಿಂತಿದ್ದಳು.

"ಕಣ್ಣಾಗ ಹಿಟ್ಟು ಬಿದ್ದೈತೇನ್ರಿ?"

"ಬೆಕ್ಕಿಗೆ ಭರವಸೆ ಕೊಡಾಕತ್ತೇನಿ."

"ಲಗ್ನ ಆಗಿ ಇಷ್ಟು ವರ್ಷ ಆತು. ನನ್ನ ಬಾಜೂಕ ಒಂದಿನ ಹಿಂಗ ಕುಂತಿಲ್ಲ. ಇರ್ಲಿ, ಮುಂದಿನ ಜನ್ಮಕ್ಕ ಬಾಲ ಹಚಗೊಂಡ ಬರತೇನಿ" ಎಂದು ಹೋದಳು.

ಮಾತಾಡಬೇಕು ಎಂದು ಅಕ್ಕ ಹೇಳಿದ್ದಳು. ಏನು ಮಾತಾಡಲಿ? ಗಿರಾಕಿಗಳ ಜೋಡಿ ನನ್ನ ಮಾತು ಎರಡೇ: ಸಣ್ಣಗ ಬೇಕೋ, ದಪ್ಪಗ ಬೇಕೋ. ಒಂದೆರಡು ದಿನ ಬಾಯಿ ತೆರೆದು ಮುಚ್ಚಿದೆ. ಬಟ್ಟಲು ಇಟ್ಟಂತೆ ಇರುತ್ತಿತ್ತು. ಔಷಧದ ಜೋಡಿ ಬಾಯಿಗೆ ಹಾಕಿದ ನಾಲ್ಕು ಹನಿ ಹಾಲಷ್ಟೇ ಒಳಗೆ ಹೋಗುತ್ತಿತ್ತು. ಎತ್ತಿದರೆ ಮೈಯಲ್ಲಿ ಎಲುಬು ಎಣಿಸಬಹುದಿತ್ತು. ಅಕ್ಕನಿಗೆ ಯಾವ ಬಾಯಿಂದ ಹೇಳಲಿ ಎಂದು ಯೋಚಿಸುತ್ತಾ ಕೂತವನು ಬೇರೆ ಏನೂ ತೋಚದೆ, ಬಾಯಿಪಾಠ ಬರುವ ಒಂದೇ ಒಂದು ಸಂಗತಿಯನ್ನು ಹೇಳತೊಡಗಿದೆ. "ಎರಡೊಂದ್ಲೆ ಎರಡು... ಎರಡೆರಡ್ಲೆ ನಾಲ್ಕು..." ಬಾಯಿ ನನ್ನದು, ಧಾಟಿ ಅಕ್ಕನದು. ಅದನ್ನು ಬೇರೆ ರೀತಿ ಹೇಳಲು ನನಗೆ ಬರುವುದೇ ಇಲ್ಲ.

ಬುಟ್ಟಿಯ ಹಿಂದೆ ಒಂದು ಕಿವಿ ತಿರುಗಿತು.

ಮೂರರ ಮಗ್ಗಿಗೆ ತಲೆ ಹೊರಬಂತು. ನಾಲ್ಕಕ್ಕೆ ಇಡೀ ಬೆಕ್ಕು. ಅದು ನನ್ನನ್ನು ನೋಡಲಿಲ್ಲ, ನನ್ನ ಹಿಂದೆ, ಬಾಗಿಲ ಕಡೆ ನೋಡಿತು. ಅಕ್ಕ ಎಲ್ಲಿ ಎಂದು ಹುಡುಕುತ್ತಿತ್ತು. ಮಗ್ಗಿ ನಿಲ್ಲಿಸಿದರೆ ಒಳಗೆ ಹೋದೀತು ಎಂದು ಐದು, ಆರು, ಏಳು ಎಂದು ಎಳೆದುಕೊಂಡು ಹೋದೆ. ಗೌರಿ ನನ್ನಿಂದ ಒಂದು ಮೊಳ ದೂರದಲ್ಲಿ, ಸಾಲಿನ ತುದಿಯ ವಿದ್ಯಾರ್ಥಿಯ ಹಾಗೆ, ಬಾಲ ಸುತ್ತಿಕೊಂಡು ಕೂತಿತು. ಮರುದಿನ ಮಗ್ಗಿ ನಡೆದಿರುವಾಗಲೇ ಬಟ್ಟಲಿಗೆ ಬಾಯಿ ಹಾಕಿತು. ನಾನು ಎಂಟೇಳ್ಲೆ ಎಷ್ಟು ಎಂಬುದನ್ನೇ ಮರೆತೆ.

ಅಲ್ಲಿಂದ ಮುಂದೆ ಮಧ್ಯಾಹ್ನ ಗೌರಿಯೇ ಬಾಗಿಲಲ್ಲಿ ಕಾಯುತ್ತಿತ್ತು. ಹೊಟ್ಟೆಯ ಮೇಲೆ ಸಣ್ಣಗೆ ಬಿಳಿ ಕೂದಲು ಮೂಡಿದವು. ಒಂದು ದಿನ ಕೌದಿಯನ್ನು ನನ್ನ ಕಾಲ ಮೇಲೆ ಹಾಕಿಕೊಂಡಿದ್ದೆ, ಬಂದು ಅದರ ಮೇಲೆ ಮಲಗಿ ಗುರ್ ಅಂದಿತು. ನಮ್ಮ ಮೋಟರಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಕೈಯಿಟ್ಟರಷ್ಟೇ ತಿಳಿಯುವಷ್ಟು ಸಣ್ಣ ಸಪ್ಪಳ. ಮಗ್ಗಿ ಮುಗಿದ ಮೇಲೆ ಮಾತೂ ಬರತೊಡಗಿತು. ಮೆಟ್ಟಿಲಿನ ನೆಪ, ಈ ಖೋಲಿಯ ಸಂಗತಿ, ಗೋಲಿ ಆಡಲು ಎದ್ದುಹೋದ ಸಂಜೆ, ಎಲ್ಲ ಹೇಳಿದೆ. ಯಾರ ಮುಂದೆಯೂ ಆಡದ ಮಾತು. ಬೆಕ್ಕು ನಿದ್ದೆ ಮಾಡಿತು.

ಅಕ್ಕ ಸಪ್ತಾಪುರದ ತನ್ನ ಮನೆಗೆ ಮರಳಿದ ಭಾನುವಾರ ಗೌರಿಯನ್ನು ಒಯ್ದೆ. ಆಕೆ ವಾಕರ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು, ಬಹಳ ಇಳಿದಿದ್ದಳು. ಔಷಧದ ವಾಸನೆಗೆ ಗೌರಿ ಮೊದಲು ಹಿಂಜರಿಯಿತು. ಅಕ್ಕ ಮಂಚದ ಮೇಲೆ ಕೂತು "ಗೌರವ್ವಾ" ಅಂದದ್ದೇ ತಡ, ಒಂದೇ ಜಿಗಿತಕ್ಕೆ ತೊಡೆಯ ಮೇಲೆ. ಅಕ್ಕ ಅದರ ಹೊಟ್ಟೆ ತಡವಿದಳು, ಹೊಸ ಕೂದಲು ಕೈಗೆ ಸಿಕ್ಕಿರಬೇಕು. ಕೌದಿಯನ್ನು ಮೂಗಿಗೆ ಹಿಡಿದಳು.

"ಸಬಕಾರ" ಎಂದಳು.

ಎಲ್ಲ ಒಪ್ಪಿಕೊಂಡೆ, ಬಾಗಿಲ ಚೌಕಟ್ಟು ಹಿಡಿದು ನಿಂತು. ಕೌದಿ, ಉಪವಾಸ, ಡಾಕ್ಟರು, ಮಗ್ಗಿ.

"ಮೋಟರ್ ಅಂತ ಅವತ್ತ ಗೊತ್ತಾತು. ಗೌರಿ ಗುರ್ ಅಂದರ ಹಿಂದ ಹೆಂಗಸರು ಪಾಳಿ ಸಲುವಾಗಿ ಜಗಳಾಡೂದಿಲ್ಲ." ಆಕೆ ನಕ್ಕಳು. ಆಮೇಲೆ ಕೇಳಿದಳು, "ದಿನಾ ಅರ್ಧ ತಾಸು ಕುಂತ್ಯಾ?"

"ಕುಂತೆ."

"ಸುಶೀಲಾನ ಮನಿಗೆ ನೀ ಡಬ್ಬಿ ತರತಿದ್ದಿ. ಬಾಗಲದಾಗ ಇಟ್ಟು ಹೊಳ್ಳಿ ಹೋಗತಿದ್ದಿ." ಅಕ್ಕ ಬೆಕ್ಕಿನ ಬೆನ್ನು ಸವರುತ್ತಲೇ ಇದ್ದಳು. "ಆ ಡಬ್ಬಿ ಎಷ್ಟ ಸಲ ತುಂಬಿದ್ದು ತುಂಬಿದಂಗ ಸುಶೀಲಾನ ಆಕಳಿಗೆ ಹೋತು ಅಂತ ಆಕಿನ್ನ ಕೇಳು. ನನಗೂ ಒಬ್ಬಾಕಿಗೆ ಉಣ್ಣಾಕ ಆಗೂದಿಲ್ಲೋ ತಮ್ಮಾ."

ಬೈದಿದ್ದರೆ ಬೈಸಿಕೊಂಡು ಹೋಗಬಹುದಿತ್ತು. ಆಕೆ ಬೈಯಲಿಲ್ಲ. ಸ್ಕೂಟರಿನ ಕೀಲಿ ಕೈಯಲ್ಲೇ ಇತ್ತು. ಅದನ್ನು ಕಿಸೆಗೆ ಹಾಕಿ, ಮಕ್ಕಳು ಕೂಡುವ ಚಾಪೆಯ ಮೇಲೆ ಕೂತೆ. ಕೂತ ಮೇಲೆ ಖೋಲಿಯ ಸಂಗತಿ ಹೇಳಬೇಕೆಂದು ಬಾಯಿ ತೆರೆದೆ. ಬೆಕ್ಕಿಗೆ ಹೇಳಿದ ಮಾತು ಅಕ್ಕನ ಮುಂದೆ ಬರಲಿಲ್ಲ. ಗೌರಿಯ ಕಡೆ ನೋಡಿಕೊಂಡು, "ಎರಡೊಂದ್ಲೆ ಎರಡು" ಎಂದು ಶುರು ಮಾಡಿದೆ.

ಈಗ ಪ್ರತಿ ಭಾನುವಾರ ಹೋಗುತ್ತೇನೆ. ಇವತ್ತು ಹೇಳಿಯೇ ಬಿಡಬೇಕು ಎಂದು ಸ್ಕೂಟರ್ ಮೇಲೆ ಉದ್ದಕ್ಕೂ ನಿಶ್ಚಯ ಮಾಡಿಕೊಂಡು ಹೋಗಿ ಚಾಪೆಯ ಮೇಲೆ ಕೂಡುತ್ತೇನೆ. ಅಕ್ಕ ಊಟ ಮಾಡುತ್ತಾಳೆ, ಗೌರಿ ಊಟ ಮಾಡುತ್ತದೆ, ನಾನು ಮಗ್ಗಿ ಹೇಳುತ್ತೇನೆ. ಹದಿಮೂರೇಳ್ಲೆ ಎಂಬಲ್ಲಿ ಪ್ರತಿ ಸಲ ತಪ್ಪುತ್ತೇನೆ. "ತೊಂಬತ್ತೊಂದು" ಎಂದು ಅಕ್ಕ ತುತ್ತಿನ ನಡುವೆಯೇ ತಿದ್ದುತ್ತಾಳೆ. ಹದಿಮೂರ ಹತ್ತಲೆ ನೂರಾ ಮೂವತ್ತಕ್ಕೆ ಬಂದು ನಿಲ್ಲುತ್ತೇನೆ. ಅಕ್ಕ ಬಟ್ಟಲು ಕೆಳಗಿಟ್ಟು "ಮುಂದ?" ಅನ್ನುತ್ತಾಳೆ. ಬೆಕ್ಕೂ ತಲೆ ಎತ್ತಿ ನೋಡುತ್ತದೆ, ಅದಕ್ಕೆ ಎಲ್ಲ ಗೊತ್ತು.

ಹದಿನಾಲ್ಕರ ಮಗ್ಗಿ ನನಗೆ ಬರುವುದಿಲ್ಲ. ಆಕೆ ಅದನ್ನು ಕಲಿಸುವ ಹೊತ್ತಿಗೆ ನಾನು ಎದ್ದು ಹೋಗಿದ್ದೆ.